ದಾವಣಗೆರೆಯಲ್ಲಿ ಹೊಸ ನಲ್ಲಿ, ಹೊಸ ಯುಜಿಡಿ ಕನೆಕ್ಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರಲ್ಲಿ ಮನೆ ಕಟ್ಟುವವರು ನಲ್ಲಿ ನೀರಿನ ಬಗ್ಗೆ ಹತ್ತು ಜನರ ಹತ್ತಿರ ವಿಚಾರಿಸುತ್ತಾರೆ. ಯುಜಿಡಿ (ನೆಲದಡಿಯ ಒಳಚರಂಡಿ) ಬಗ್ಗೆ ಒಬ್ಬರನ್ನೂ ಕೇಳುವುದಿಲ್ಲ. ಪ್ಲಂಬರ್ ನೋಡಿಕೊಳ್ಳುತ್ತಾನೆ ಅಂತ ಬಿಟ್ಟುಬಿಡುತ್ತಾರೆ. ಆಮೇಲೆ ವರ್ಷಗಟ್ಟಲೆ ಕಾಡುವುದು ಅದೇ. ಬೀದಿಯೊಳಗೆ ಈ ಎರಡೂ ಪೈಪ್ ಅಕ್ಕಪಕ್ಕದಲ್ಲೇ ಹೋಗುತ್ತವೆ, ಒಂದರ ಕೆಲಸ ಕೆಟ್ಟರೆ ಇನ್ನೊಂದರ ನೀರು ಕುಡಿಯುವವರಿಗೆ ತೊಂದರೆ. ಅದಕ್ಕೇ ಇಲ್ಲಿ ಎರಡನ್ನೂ ಸೇರಿಸಿ ಬರೆದಿದ್ದೇನೆ.

ಮನೆ ಪೂರ್ತಿ ಮುಗಿದ ಮೇಲೆ ಕನೆಕ್ಷನ್ ಬಗ್ಗೆ ಯೋಚನೆ ಮಾಡಿದರೆ ಆಗಲ್ವಾ?

ನಲ್ಲಿಗಾದರೆ ಆಗುತ್ತದೆ. ನೀರು ಒತ್ತಡದಿಂದ ಬರುತ್ತದೆ, ಪೈಪನ್ನು ಮೇಲೆ ಕೆಳಗೆ ಹೇಗೆ ತಿರುಗಿಸಿದರೂ ಹರಿಯುತ್ತದೆ. ಯುಜಿಡಿಗೆ ಆಗುವುದಿಲ್ಲ. ಅಲ್ಲಿ ಹರಿವು ಇಳಿಜಾರಿನಿಂದ ಮಾತ್ರ. ಹಾಗಾಗಿ ಪ್ಲಿಂತ್, ಅಂದರೆ ಮನೆಯ ನೆಲಗಟ್ಟಿನ ಎತ್ತರ ನಿರ್ಧರಿಸುವ ಮೊದಲೇ ನಿಮ್ಮ ಬೀದಿಯ ಮ್ಯಾನ್‌ಹೋಲ್ ಎಷ್ಟು ಆಳದಲ್ಲಿದೆ ಅಂತ ಗೊತ್ತಿರಬೇಕು.

ಲೆಕ್ಕ ಸುಲಭ. ಮನೆಯಿಂದ ಹೊರಡುವ 4 ಇಂಚಿನ ಪೈಪಿಗೆ ಸಾಮಾನ್ಯವಾಗಿ 60 ಅಡಿ ಉದ್ದಕ್ಕೆ 1 ಅಡಿ ಇಳಿಜಾರು ಕೊಡುತ್ತಾರೆ. ನಿಮ್ಮ ಹಿಂದಿನ ಬಾತ್‌ರೂಮಿನಿಂದ ಬೀದಿ ಮ್ಯಾನ್‌ಹೋಲ್‌ಗೆ 40 ಅಡಿ ಇದೆ ಅಂದುಕೊಳ್ಳಿ, ಆಗ ಪೈಪಿನ ಈ ತುದಿಗಿಂತ ಆ ತುದಿ 8 ಇಂಚು ಕೆಳಗಿರಬೇಕು. ಇದರ ಮೇಲೆ ಕಮೋಡಿನ ಕೆಳಗಿನ ಬೆಂಡು, ಮನೆ ಮುಂದಿನ ಚೇಂಬರ್ (ಕೊಳೆನೀರು ಬಂದು ಸೇರುವ ಸಣ್ಣ ತೊಟ್ಟಿ), ಪೈಪಿನ ಮೇಲೆ ಮುಚ್ಚುವ ಮಣ್ಣು, ಇಷ್ಟಕ್ಕೂ ಆಳ ಬೇಕು. ಬೀದಿ ಲೈನು ಮೇಲ್ಮಟ್ಟದಲ್ಲೇ ಇದ್ದರೆ ಪ್ಲಿಂತನ್ನು ಎತ್ತರಿಸುವುದೇ ದಾರಿ. ಟೈಲ್ಸ್ ಹಾಕಿದ ಮೇಲೆ ಇದು ಗೊತ್ತಾದರೆ ಏನೂ ಮಾಡಲು ಬರುವುದಿಲ್ಲ, ಮಳೆಗಾಲದಲ್ಲಿ ಬೀದಿ ಲೈನು ತುಂಬಿದಾಗ ಕೆಳಗಿನ ಮನೆಯ ಕಮೋಡಿನಲ್ಲಿ ನೀರು ಉಕ್ಕುತ್ತದೆ.

ಅಳೆಯಲು ದೊಡ್ಡ ಯಂತ್ರ ಬೇಡ. ಗಾರೆ ಕೆಲಸದವರ ಹತ್ತಿರ ಪಾರದರ್ಶಕ ಲೆವೆಲ್ ಪೈಪ್ ಇರುತ್ತದೆ. ಅದರಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿಸಿ, ಒಂದು ತುದಿ ಮ್ಯಾನ್‌ಹೋಲ್ ಮುಚ್ಚಳದ ಹತ್ತಿರ, ಇನ್ನೊಂದು ನಿಮ್ಮ ಪಾಯದ ಹತ್ತಿರ ಹಿಡಿದರೆ ಎರಡು ಕಡೆಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿಂದ ಟೇಪು ಇಳಿಸಿ ಅಳತೆ ಬರೆದುಕೊಳ್ಳಿ. ಮುಚ್ಚಳವನ್ನು ಮಾತ್ರ ನೀವೇ ತೆಗೆಯಬೇಡಿ. ಪಾಲಿಕೆಯ ಯುಜಿಡಿ ವಿಭಾಗದವರನ್ನು ಕರೆದು ತೆಗೆಸಿ. ಮ್ಯಾನ್‌ಹೋಲಿನ ಒಳಗೆ ವಿಷಗಾಳಿ ಇರುತ್ತದೆ, ಬಗ್ಗಿ ನೋಡುವುದೂ ಅಪಾಯವೇ.

ಅರ್ಜಿ ಎಲ್ಲಿ ಹಾಕಬೇಕು?

ನಗರದೊಳಗಿನ ಆಸ್ತಿಯಾದರೆ ಮಹಾನಗರ ಪಾಲಿಕೆಗೆ. 2007ರಲ್ಲಿ ನಗರಸಭೆ ಮಹಾನಗರ ಪಾಲಿಕೆ ಆಯಿತು. ಅಂದಿನಿಂದ ನಲ್ಲಿ, ಯುಜಿಡಿ ಎರಡರ ಅನುಮತಿಯೂ ಅವರದ್ದೇ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಿಗೆ ಜಲನಿಧಿ ಅನ್ನುವ ಆನ್‌ಲೈನ್ ವ್ಯವಸ್ಥೆ ಇದೆ, ಅದರಲ್ಲೂ ಹಾಕಬಹುದು. ಆನ್‌ಲೈನ್ ಬೇಡ ಅಂದರೆ ಕಚೇರಿಗೆ ಹೋಗಿ ಕೊಡಿ. ಎಲ್ಲೇ ಕೊಟ್ಟರೂ ಸ್ವೀಕೃತಿ ಪಡೆಯದೆ ಬರಬೇಡಿ.

ನಲ್ಲಿಗೆ ಒಂದು, ಯುಜಿಡಿಗೆ ಒಂದು, ಬೇರೆ ಬೇರೆ ಅನುಮತಿ. ನಲ್ಲಿ ಸಿಕ್ಕಿತು ಅಂತ ಯುಜಿಡಿ ತಾನೇ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ರಸ್ತೆಯನ್ನು ಎರಡೆರಡು ಸಲ ಅಗೆಸುವುದು ತಪ್ಪುತ್ತದೆ.

ಜನ ಗೊಂದಲ ಮಾಡಿಕೊಳ್ಳುವುದು ಇನ್ನೊಂದು ಕಡೆ. ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಅಂತ ಒಂದಿದೆಯಲ್ಲ, ಅದು ದೊಡ್ಡ ಯೋಜನೆಗಳನ್ನು ಮಾಡುವ ಸಂಸ್ಥೆ. ನಿಮ್ಮ ಮನೆಯ ಅರ್ಧ ಇಂಚು ನಲ್ಲಿಗೆ ಅಲ್ಲಿಗೆ ಹೋಗಬೇಕಾಗಿಲ್ಲ.

ಏನೇನು ಕಾಗದ ಬೇಕು?

ಖಾತೆ ಉತಾರ, ಚಾಲ್ತಿ ವರ್ಷದ ಕಂದಾಯ ಕಟ್ಟಿದ ರಸೀದಿ, ಕಟ್ಟಡ ಪರವಾನಗಿ ಮತ್ತು ಅದರ ಜೊತೆಗಿನ ಪ್ಲಾನ್, ಮಾಲೀಕರ ಆಧಾರ್, ಫೋಟೋ. ಆಸ್ತಿ ಅಪ್ಪನ ಹೆಸರಲ್ಲಿದ್ದು ಅವರು ತೀರಿಕೊಂಡಿದ್ದರೆ ಮೊದಲು ಖಾತೆ ಬದಲಾವಣೆ ಮಾಡಿಸಿ, ಇಲ್ಲದಿದ್ದರೆ ಫೈಲು ಅಲ್ಲೇ ನಿಲ್ಲುತ್ತದೆ. ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿ ಖಾತೆ ಇದ್ದರೆ ಉಳಿದವರ ಒಪ್ಪಿಗೆ ಪತ್ರ ಕೇಳಬಹುದು.

ಹೆಸರಿನ ಅಕ್ಷರ ಎಲ್ಲ ಕಡೆ ಒಂದೇ ಇದೆಯಾ ನೋಡಿಕೊಳ್ಳಿ. ಖಾತೆಯಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಸುಮ್ನೆ ಓಡಾಟ. ಕಂದಾಯ ಬಾಕಿ ಇದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಏಪ್ರಿಲ್ ತಿಂಗಳಲ್ಲೇ ಕಂದಾಯ ಕಟ್ಟಿದರೆ ಶೇಕಡಾ 5 ರಿಯಾಯಿತಿಯೂ ಸಿಗುತ್ತದೆ, ಮನೆ ಕಟ್ಟುವ ವರ್ಷ ಅದೂ ಉಪಯೋಗಕ್ಕೆ ಬರುತ್ತದೆ ಅಲ್ವಾ.

ನಮ್ಮದು ಬಿ ಖಾತೆ. ಕನೆಕ್ಷನ್ ಕೊಡ್ತಾರಾ?

2025ರ ಫೆಬ್ರವರಿಯಲ್ಲಿ ರಾಜ್ಯದ ನಗರ, ಪಟ್ಟಣಗಳಲ್ಲಿ ಬಿ ಖಾತೆ, ಅಂದರೆ ಅನುಮೋದನೆ ಇಲ್ಲದ ಕಡೆಯ ಆಸ್ತಿಗೆ ಬೇರೆಯಾಗಿ ಬರೆಯುವ ಖಾತೆ, ಕೊಡುವ ಅಭಿಯಾನ ಶುರುವಾಯಿತು. ಕಂದಾಯ ಭೂಮಿಯಲ್ಲಿ ಸೈಟು ಮಾಡಿ ಮಾರಿದ ಕಡೆ ಮನೆ ಕಟ್ಟಿಕೊಂಡ ತುಂಬ ಜನ ಅದರಲ್ಲಿ ಅರ್ಜಿ ಹಾಕಿದರು. ಆದರೆ ಬಿ ಖಾತೆ ಸಿಕ್ಕ ಮಾತ್ರಕ್ಕೆ ಬಡಾವಣೆ ಸಕ್ರಮ ಆದಂತೆ ಆಗುವುದಿಲ್ಲ. ಕಂದಾಯ ಕಟ್ಟಲು ಒಂದು ಲೆಕ್ಕ ಸಿಗುತ್ತದೆ, ಅಷ್ಟೇ.

ಆದ್ದರಿಂದ ಅಂಥ ಕಡೆ ಸೈಟು ತೆಗೆದುಕೊಳ್ಳುವ ಮೊದಲು ಪಾಲಿಕೆಗೆ ಹೋಗಿ, ಈ ಬೀದಿಗೆ ನೀರಿನ ಲೈನು ಇದೆಯಾ, ಯುಜಿಡಿ ಇದೆಯಾ, ಈ ಖಾತೆಗೆ ಕನೆಕ್ಷನ್ ಕೊಡುತ್ತೀರಾ ಅಂತ ಬರೆದು ಕೇಳಿ. ಮಾರುವವರು ಬಾಯಲ್ಲಿ ಹೇಳುವ “ಎಲ್ಲ ಆಗುತ್ತೆ ಸಾರ್” ಅನ್ನು ನಂಬಿ ಅಡ್ವಾನ್ಸ್ ಕೊಡಬೇಡಿ. ಜೀವಮಾನದ ದುಡ್ಡು ಹಾಕಿ ಮನೆ ಕಟ್ಟಿ, ಟ್ಯಾಂಕರ್ ನೀರಿಗೆ ಕಾಯುವ ಮನೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀರಿನ ಬಿಲ್ ನಿಮ್ಮ ಹೆಸರಲ್ಲಿ ಬಂದರೆ ಆಸ್ತಿ ನಿಮ್ಮದು ಅನ್ನುವುದಕ್ಕೆ ಅದೇ ಸಾಕ್ಷಿ ಅಂತ ಕೆಲವರು ಹೇಳುತ್ತಾರೆ, ಅದನ್ನೂ ನಂಬಬೇಡಿ.

ಒಸಿ ಇಲ್ಲದಿದ್ದರೆ ನೀರಿಲ್ಲ ಅಂತಾರೆ, ನಿಜಾನಾ?

ಆ ಮಾತು ಬಂದಿದ್ದು ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಅನಧಿಕೃತ ಕಟ್ಟಡಗಳ ಪ್ರಕರಣವೊಂದರಲ್ಲಿ 2024ರ ಡಿಸೆಂಬರ್ 17ರಂದು ಕೋರ್ಟ್, ಕಟ್ಟಡ ಪೂರ್ಣಗೊಂಡ ಪತ್ರ ಅಥವಾ ವಾಸಯೋಗ್ಯ ಪತ್ರ (ಒಸಿ) ತೋರಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದು ಹೇಳಿತು. ಅಲ್ಲಿಂದ ಬೆಸ್ಕಾಂ ಕಚೇರಿಯಲ್ಲೂ, ನೀರಿನ ವಿಭಾಗದಲ್ಲೂ ಈ ಪ್ರಶ್ನೆ ಎದುರಾಗುತ್ತಿದೆ. ನಿಮ್ಮ ಅಳತೆಯ ಕಟ್ಟಡಕ್ಕೆ ಏನು ಅನ್ವಯಿಸುತ್ತದೆ ಅಂತ ಪರವಾನಗಿ ತೆಗೆದುಕೊಳ್ಳುವ ದಿನವೇ ಪಾಲಿಕೆಯ ಇಂಜಿನಿಯರ್ ಹತ್ತಿರ ಕೇಳಿ.

ಪರವಾನಗಿಯಲ್ಲಿ ಇದ್ದಂತೆಯೇ ಕಟ್ಟಿ. ಸೆಟ್‌ಬ್ಯಾಕ್ ಜಾಗದಲ್ಲಿ ಅಂಗಡಿ ಎಬ್ಬಿಸಿ, ಮೇಲೆ ಒಂದು ಮಹಡಿ ಜಾಸ್ತಿ ಏರಿಸಿ ಆಮೇಲೆ ಒಸಿ ಕೇಳಿದರೆ ಸಿಗುವುದು ಕಷ್ಟ.

ಮನೆಯಲ್ಲಿ ಬೋರ್ ಇದೆ. ನಲ್ಲಿ ಯಾಕೆ ಬೇಕು?

ಬೇಕು. ನಮ್ಮ ಸೀಮೆಯ ಅಂತರ್ಜಲದಲ್ಲಿ, ಅದರಲ್ಲೂ ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆ, ಫ್ಲೋರೈಡ್ ಸಮಸ್ಯೆ ಹಳೆಯದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಒಪ್ಪಬಹುದು ಅನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ದೊಡ್ಡವರ ಮೂಳೆ ಕೀಲು ಹಿಡಿದುಕೊಳ್ಳುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ.

ದಾವಣಗೆರೆ ನಲ್ಲಿಗೆ ಬರುವುದು ಹೊಳೆ ನೀರು. ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತುತ್ತಾರೆ. ಭದ್ರಾ ನಾಲೆಯ ನೀರನ್ನು ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ತುಂಬಿಸಿಕೊಂಡು ಶುದ್ಧ ಮಾಡಿ ಬಿಡುತ್ತಾರೆ. ಬೇಸಿಗೆಯಲ್ಲಿ ನಾಲೆ ನಿಂತು ಹೊಳೆಯಲ್ಲೂ ಹರಿವು ಇಳಿದಾಗ ನಲ್ಲಿ ನೀರಿನ ಅಂತರ ಜಾಸ್ತಿಯಾಗುವುದು ಇದೇ ಕಾರಣಕ್ಕೆ. ಬೋರ್ ನೀರನ್ನು ಬಳಕೆಗೆ ಇಟ್ಟುಕೊಳ್ಳಿ, ಕುಡಿಯಲು ಅಡುಗೆಗೆ ಹೊಳೆ ನೀರು.

ಒಂದೇ ಎಚ್ಚರಿಕೆ: ಬೋರಿನ ಪೈಪನ್ನು ನಲ್ಲಿ ಲೈನಿಗೆ ನೇರವಾಗಿ ಜೋಡಿಸಬೇಡಿ. ನಡುವೆ ವಾಲ್ವ್ ಇದೆ ಅಂದರೂ ಬೇಡ. ಆ ವಾಲ್ವ್ ಸವೆದ ದಿನ ನಿಮ್ಮ ಬೋರಿನ ನೀರು ಇಡೀ ಬೀದಿಯ ಪೈಪಿಗೆ ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಸಂಪು ಅಥವಾ ಟ್ಯಾಂಕ್ ಮಾಡಿ.

ಎಷ್ಟು ಖರ್ಚಾಗುತ್ತೆ?

ಒಂದೇ ಮೊತ್ತ ಹೇಳುವವರನ್ನು ನಂಬಬೇಡಿ, ಏಕೆಂದರೆ ಅದರಲ್ಲಿ ನಾಲ್ಕೈದು ಬಾಬ್ತು ಸೇರಿರುತ್ತವೆ: ಅರ್ಜಿ ಮತ್ತು ಸಂಪರ್ಕ ಶುಲ್ಕ, ಠೇವಣಿ, ಮೀಟರ್, ರಸ್ತೆ ಅಗೆತದ ಶುಲ್ಕ, ಇವೆಲ್ಲದರ ಆಚೆ ಪ್ಲಂಬರ್ ಕೂಲಿ ಮತ್ತು ಸಾಮಾನು. ಮೊದಲ ನಾಲ್ಕು ಪಾಲಿಕೆಗೆ ಹೋಗುವ ದುಡ್ಡು, ಅದಕ್ಕೆ ರಸೀದಿ ಬರಲೇಬೇಕು. ಕೊನೆಯದನ್ನು ನೀವು ಪ್ಲಂಬರ್ ಜೊತೆ ಮಾತಾಡಿಕೊಳ್ಳುವುದು. ಇವೆರಡನ್ನೂ ಕಲಸಿ “ಒಟ್ಟು ಇಷ್ಟು ಕೊಡಿ, ನಾನು ನೋಡ್ಕೋತೀನಿ” ಅಂದ ತಕ್ಷಣ ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಮನೆ ಬಳಕೆಯ ದರ ಬೇರೆ, ಅಂಗಡಿ ಹೋಟೆಲಿನ ದರ ಬೇರೆ, ಕಾರ್ಖಾನೆಯದ್ದು ಇನ್ನೂ ಬೇರೆ. ಮನೆ ಅಂತ ತೆಗೆದುಕೊಂಡು ಅದೇ ನಲ್ಲಿಯಲ್ಲಿ ಖಾನಾವಳಿ ನಡೆಸಿದರೆ ಸಿಕ್ಕಿಬಿದ್ದಾಗ ವ್ಯತ್ಯಾಸ ಕಟ್ಟಬೇಕಾಗುತ್ತದೆ, ಕನೆಕ್ಷನ್ ಕಟ್ ಮಾಡಲೂಬಹುದು.

ರಸ್ತೆ ಅಗೆತದ ಶುಲ್ಕ ಉದ್ದದ ಮೇಲೆ, ರಸ್ತೆಯ ಬಗೆಯ ಮೇಲೆ ಹೋಗುತ್ತದೆ. ಮಣ್ಣು ರಸ್ತೆಗೆ ಕಡಿಮೆ, ಡಾಂಬರಿಗೆ ಜಾಸ್ತಿ, ಕಾಂಕ್ರೀಟಿಗೆ ಎಲ್ಲಕ್ಕಿಂತ ಜಾಸ್ತಿ. ನಿಮ್ಮ ಬೀದಿಗೆ ಕಾಂಕ್ರೀಟ್ ರಸ್ತೆ ಮಂಜೂರಾಗಿದೆ ಅಂತ ಸುದ್ದಿ ಬಂದರೆ, ಮನೆ ಕೆಲಸ ಅರ್ಧಕ್ಕಿದ್ದರೂ ಸರಿ, ಎರಡೂ ಕನೆಕ್ಷನ್‌ಗೆ ಕೂಡಲೇ ಅರ್ಜಿ ಹಾಕಿ. ಖಾಲಿ ಸೈಟಿನವರು ಕೂಡ ಗೇಟಿನ ತನಕ ಪೈಪ್ ಎಳೆಸಿ ಮುಚ್ಚಿಡಲು ಅವಕಾಶ ಇದೆಯಾ ಅಂತ ಕೇಳಿ ನೋಡಿ. ಹೊಸ ಕಾಂಕ್ರೀಟನ್ನು ಒಡೆದು ಪೈಪ್ ಹಾಕಿ, ಮೇಲೆ ಒಂದಿಷ್ಟು ಸಿಮೆಂಟ್ ಬಳಿದು ಹೋಗಿರುವುದನ್ನು ಎಷ್ಟು ಬೀದಿಗಳಲ್ಲಿ ನೋಡುತ್ತೇವೆ. ಬೈಕಿನವರು ಬೀಳುವುದು ಅಲ್ಲೇ.

ಜಲಸಿರಿಯವರು ಬೀದಿಯಲ್ಲಿ ಪೈಪ್ ಹಾಕಿ ಹೋಗಿದ್ದಾರೆ. ಅದಕ್ಕೂ ಅರ್ಜಿ ಹಾಕಬೇಕಾ?

ಜಲಸಿರಿ ಅಂದರೆ ದಿನದ 24 ಗಂಟೆ ಒತ್ತಡದಲ್ಲಿ ನೀರು ಕೊಡಬೇಕು ಅಂತ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕೈಗೊಂಡ ಯೋಜನೆ. ದಾವಣಗೆರೆ ಜೊತೆ ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಕೂಡ ಅದರಲ್ಲಿವೆ. ಹಳೆ ನಲ್ಲಿ ಇದ್ದ ಮನೆಗಳ ಕನೆಕ್ಷನ್ನನ್ನು ಹೊಸ ಪೈಪಿಗೆ ಬದಲಿಸಿ ಮೀಟರ್ ಕೂರಿಸುವುದು ಯೋಜನೆಯೊಳಗೇ ಬರುತ್ತದೆ. ಮುಂಚೆ ಕನೆಕ್ಷನ್ನೇ ಇಲ್ಲದ ಹೊಸ ಮನೆಯಾದರೆ ಪಾಲಿಕೆಗೆ ಅರ್ಜಿ ಹಾಕಿ. ಗೇಟಿನ ಮುಂದೆ ನೀಲಿ ಪೈಪಿನ ತುದಿ ಎದ್ದು ನಿಂತಿದೆ ಅಂತ ನೀವೇ ಪ್ಲಂಬರ್ ಕರೆಸಿ ಜೋಡಿಸಿಕೊಂಡರೆ ಅದು ಅಕ್ರಮ ಸಂಪರ್ಕ.

ಕನೆಕ್ಷನ್ ಕೊಡುವ ದಿನ ನಾವು ಏನು ನೋಡಬೇಕು?

ಆ ದಿನ ಮನೆಯವರು ಒಬ್ಬರು ಗುಂಡಿಯ ಪಕ್ಕದಲ್ಲೇ ನಿಲ್ಲಿ. ಮಣ್ಣು ಮುಚ್ಚಿದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ.

ಬೀದಿಯ ದೊಡ್ಡ ಪೈಪಿಗೆ ಮೊದಲು ಸ್ಯಾಡಲ್ ಅಂತ ಒಂದು ಪಟ್ಟಿ ಬಿಗಿಯುತ್ತಾರೆ, ಅದರಲ್ಲಿ ತೂತು ಕೊರೆದು ಫೆರೂಲ್ ಅನ್ನುವ ಜೋಡಣೆಯ ತುಂಡು ಕೂರಿಸುತ್ತಾರೆ, ಅಲ್ಲಿಂದ ನಿಮ್ಮ ಅರ್ಧ ಇಂಚು ಪೈಪ್ ಹೊರಡುತ್ತದೆ. ಸ್ಯಾಡಲ್ಲಿನೊಳಗೆ ರಬ್ಬರ್ ವಾಷರ್ ಇದೆಯಾ ನೋಡಿ. ಅದಿಲ್ಲದೆ ಬರೀ ದಾರ ಸುತ್ತಿ ಬಿಗಿದರೆ ಇವತ್ತು ಸೋರದಿದ್ದರೂ ಮುಂದೆ ಸೋರುತ್ತದೆ. ಸೋರುವ ಜಾಗದಿಂದ ನೀರು ಹೊರಗೆ ಬರುವುದು ಅರ್ಧ ಸಮಸ್ಯೆ ಮಾತ್ರ. ನೀರು ಬಿಡದ ದಿನಗಳಲ್ಲಿ ಪೈಪ್ ಖಾಲಿಯಾದಾಗ, ಅದೇ ಸಂದಿನಿಂದ ಸುತ್ತಲಿನ ಕೊಳೆನೀರು ಒಳಗೆ ಹೋಗುತ್ತದೆ.

ಇದಕ್ಕೇ ನಲ್ಲಿ ಪೈಪನ್ನು ಚರಂಡಿಯ ಒಳಗಿಂದ ಹಾಯಿಸಲು ಬಿಡಲೇಬೇಡಿ. ಚರಂಡಿ ಕಲ್ಲಿನ ಸಂದಿನಲ್ಲಿ ತೂರಿಸಿದರೆ ಅಗೆತ ಕಡಿಮೆ, ಕೆಲಸ ಬೇಗ ಮುಗಿಯುತ್ತದೆ, ಅದಕ್ಕೇ ಹಾಗೆ ಮಾಡುತ್ತಾರೆ. ಚರಂಡಿ ದಾಟಲೇಬೇಕಾದರೆ ಪೂರ್ತಿ ಮೇಲಿಂದ ಅಥವಾ ಪೂರ್ತಿ ಕೆಳಗಿಂದ, ಹೊರಗೊಂದು ದೊಡ್ಡ ಕವಚದ ಪೈಪ್ ಹಾಕಿ, ನಡುವೆ ಜಾಯಿಂಟ್ ಇಲ್ಲದಂತೆ ಒಂದೇ ತುಂಡಿನಲ್ಲಿ ದಾಟಿಸಿ. ನೀರಿನ ಪೈಪಿಗೂ ಯುಜಿಡಿ ಪೈಪಿಗೂ 10 ಅಡಿ ಅಂತರ ಇರಬೇಕು ಅನ್ನುವುದು ನಿಯಮ. ಹಳೇಪೇಟೆಯಂಥ ಇಕ್ಕಟ್ಟಿನ ಓಣಿಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಅಂಥ ಕಡೆ ನೀರಿನ ಪೈಪ್ ಮೇಲೆ, ಯುಜಿಡಿ ಪೈಪ್ ಅದಕ್ಕಿಂತ ಕನಿಷ್ಠ ಒಂದೂವರೆ ಅಡಿ ಕೆಳಗೆ ಇರುವಂತೆ ನೋಡಿಕೊಳ್ಳಿ. ಒಂದೇ ಗುಂಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಮಲಗಿಸಿ ಮುಚ್ಚುವುದು ಮಾತ್ರ ಬೇಡವೇ ಬೇಡ.

ಯುಜಿಡಿ ಕಡೆ ನೋಡಬೇಕಾದ್ದು ಚೇಂಬರ್. ಗೋಡೆಗೆ ಒಳಗಿಂದ ಗಿಲಾಯಿ ನುಣ್ಣಗೆ ಆಗಿರಬೇಕು. ತಳದಲ್ಲಿ ಅರ್ಧ ಪೈಪಿನ ಆಕಾರದ ಕಾಲುವೆ ಮಾಡಿ ಎರಡೂ ಬದಿ ಇಳಿಜಾರು ಕೊಟ್ಟಿರಬೇಕು. ತಳ ಚಪ್ಪಟೆ ಇದ್ದರೆ ಕಸ ಅಲ್ಲೇ ಕೂರುತ್ತದೆ. ಮುಚ್ಚುವ ಮೊದಲು ಮನೆಯೊಳಗಿನ ದೂರದ ಬಾತ್‌ರೂಮಿನಲ್ಲಿ ಎರಡು ಬಕೆಟ್ ನೀರು ಒಮ್ಮೆಲೇ ಸುರಿದು, ಚೇಂಬರಿನಲ್ಲಿ ನಿಲ್ಲದೆ ಸರ್ರನೆ ಹೋಗುತ್ತದಾ ನೋಡಿ. ನಲ್ಲಿಯನ್ನೂ ಹಾಗೆ, ನೀರು ಬಿಡುವ ದಿನದ ತನಕ ಜಾಯಿಂಟ್ ಇರುವ ಗುಂಡಿಯನ್ನು ಹಲಗೆ ಅಡ್ಡ ಇಟ್ಟು ತೆರೆದಿಡಿ, ಒತ್ತಡ ಬಂದಾಗ ಸೋರುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಮುಚ್ಚಿಸಿ. ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಡಿ, ಮುಂದೆ ಯಾರಾದರೂ ಅಗೆಯುವಾಗ ಪೈಪ್ ಎಲ್ಲಿದೆ ಅಂತ ತೋರಿಸಲು ಬೇಕಾಗುತ್ತದೆ.

ಸಂಪು ಎಷ್ಟು ದೊಡ್ಡದು ಮಾಡಿಸಬೇಕು?

ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ. ಐದು ಜನರ ಮನೆಗೆ 675 ಲೀಟರ್. ನಿಮ್ಮ ಏರಿಯಾದಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೋ ಅಷ್ಟರಿಂದ ಗುಣಿಸಿ. ಐದು ದಿನಕ್ಕೊಮ್ಮೆ ಆದರೆ 3,375 ಲೀಟರ್. ಉದ್ದ, ಅಗಲ, ನೀರಿನ ಆಳ ಮೂರೂ 5 ಅಡಿ ಇರುವ ಸಂಪಿನಲ್ಲಿ ಸುಮಾರು 3,500 ಲೀಟರ್ ಹಿಡಿಯುತ್ತದೆ. ಚೇಂಬರಿನಿಂದ ಆದಷ್ಟು ದೂರ, ಚೇಂಬರಿಗಿಂತ ಎತ್ತರದ ಕಡೆ ಸಂಪು ಇರಲಿ. ಮುಚ್ಚಳ ನೆಲಕ್ಕಿಂತ ಅರ್ಧ ಅಡಿ ಮೇಲಿರಲಿ. ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿ.

ನೀರು ಸಣ್ಣಗೆ ಬರುತ್ತೆ. ಲೈನಿಗೇ ಮೋಟರ್ ಹಚ್ಚಬಹುದಾ?

ಬೇಡ. ಕಾನೂನು ಪ್ರಕಾರ ತಪ್ಪು, ಮೋಟರ್ ಜಪ್ತಿ ಮಾಡುತ್ತಾರೆ ಅನ್ನುವುದು ಒಂದು ಕಡೆ ಇರಲಿ. ನೀವು ಮೋಟರ್ ಹಾಕಿ ಎಳೆದಾಗ ಬೀದಿ ಪೈಪಿನೊಳಗೆ ಒತ್ತಡ ಕುಸಿಯುತ್ತದೆ, ಕೊನೆಯ ಮನೆಗಳಿಗೆ ನೀರು ಹೋಗುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದು, ಎಲ್ಲಿ ಜಾಯಿಂಟ್ ಸಡಿಲ ಇದೆಯೋ ಅಲ್ಲಿಂದ ಹೊರಗಿನ ಕೊಳಚೆಯನ್ನೂ ಮೋಟರ್ ಒಳಗೆ ಎಳೆದುಕೊಳ್ಳುತ್ತದೆ. ಆ ನೀರು ನಿಮ್ಮ ಮನೆಗೂ ಬರುತ್ತದೆ, ಪಕ್ಕದವರ ಮನೆಗೂ ಹೋಗುತ್ತದೆ.

2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಏನಾಯಿತು ಅಂತ ಈ ಭಾಗದವರಿಗೆ ಮತ್ತೆ ಹೇಳಬೇಕಾಗಿಲ್ಲ. ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಕಳೆದುಕೊಂಡರು. ನಲ್ಲಿ ನೀರು ಕೆಟ್ಟರೆ ಅದು ಒಂದು ಮನೆಗೆ ನಿಲ್ಲುವುದಿಲ್ಲ.

ನೀರಿನಲ್ಲಿ ವಾಸನೆ, ಬಣ್ಣ, ನೊರೆ ಕಂಡರೆ ಆ ಕ್ಷಣವೇ ಬಳಕೆ ನಿಲ್ಲಿಸಿ. ಪಾಲಿಕೆಗೂ ನೀರು ಬಿಡುವವರಿಗೂ ತಿಳಿಸಿ, ಅಕ್ಕಪಕ್ಕದ ಮನೆಗಳಿಗೆ ಹೋಗಿ ಹೇಳಿ. ಒತ್ತಡ ಕಡಿಮೆ ಇದ್ದರೆ ನಲ್ಲಿಯನ್ನು ನೆಲಮಟ್ಟದ ಸಂಪಿಗೆ ಬಿಟ್ಟುಕೊಂಡು, ಸಂಪಿನಿಂದ ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಿ.

ಮಳೆನೀರನ್ನು ಯುಜಿಡಿಗೆ ಬಿಟ್ಟರೆ ಏನಾಗುತ್ತೆ?

ತುಂಬ ಮನೆಗಳಲ್ಲಿ ತಾರಸಿಯ ಪೈಪನ್ನು ಸೀದಾ ಚೇಂಬರಿಗೆ ಇಳಿಸಿರುತ್ತಾರೆ. ಯುಜಿಡಿ ಪೈಪಿನ ಅಳತೆ ಮನೆಗಳಿಂದ ಬರುವ ಕೊಳೆನೀರಿಗೆ ಲೆಕ್ಕ ಹಾಕಿದ್ದು. ಜೋರು ಮಳೆಯಲ್ಲಿ ಹತ್ತಾರು ತಾರಸಿ ನೀರು ಒಟ್ಟಿಗೆ ನುಗ್ಗಿದರೆ ಮ್ಯಾನ್‌ಹೋಲ್ ಮುಚ್ಚಳ ಎದ್ದು ಬೀದಿಯೆಲ್ಲ ಹೊಲಸು ಹರಿಯುತ್ತದೆ. ಮಳೆನೀರಿಗೆ ಇಂಗುಗುಂಡಿ ಮಾಡಿ, ಉಳಿದದ್ದನ್ನು ಮಳೆಚರಂಡಿಗೆ ಬಿಡಿ.

ಹೋಟೆಲಿನವರಿಗೆ ಒಂದು ಮಾತು. ಬೆಣ್ಣೆದೋಸೆ ನಮ್ಮೂರ ಹೆಮ್ಮೆ, ಆದರೆ ಆ ಬೆಣ್ಣೆ ಎಣ್ಣೆ ಜಿಡ್ಡು ತೊಳೆದ ನೀರು ಪೈಪಿನೊಳಗೆ ತಣ್ಣಗಾಗಿ ಗಟ್ಟಿಕಟ್ಟುತ್ತದೆ. ಪಾತ್ರೆ ತೊಳೆಯುವ ಜಾಗದಿಂದ ಚೇಂಬರಿಗೆ ಹೋಗುವ ಮುಂಚೆ ಜಿಡ್ಡು ತಡೆಯುವ ಗುಂಡಿ ಮಾಡಿಸಿ, ತುಂಬುವ ಮುಂಚೆ ತೆಗೆಸುತ್ತಿರಿ. ಮನೆಯವರು ಪ್ಯಾಡ್, ಡೈಪರ್, ಬಟ್ಟೆ, ಕೂದಲು ಯಾವುದನ್ನೂ ಕಮೋಡಿಗೆ ಹಾಕಬೇಡಿ.

ನಮ್ಮ ಬೀದಿಗೆ ಯುಜಿಡಿ ಬಂದೇ ಇಲ್ಲ. ಆಮೇಲೆ ಬಂದರೆ ಹಳೆ ಸೆಪ್ಟಿಕ್ ಟ್ಯಾಂಕ್ ಏನು ಮಾಡೋದು?

ಬರುವ ತನಕ ಸೆಪ್ಟಿಕ್ ಟ್ಯಾಂಕೇ ದಾರಿ. ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದ ಗಾಡಿ ಕರೆಸಿ ಖಾಲಿ ಮಾಡಿಸಿ. ಟ್ಯಾಂಕಿನ ನೀರನ್ನು ಬೀದಿ ಚರಂಡಿಗೆ ಬಿಡಬೇಡಿ. ಟ್ಯಾಂಕ್ ಕಟ್ಟಿಸುವಾಗಲೇ ಮನೆ ಮುಂದೆ ಒಂದು ಚೇಂಬರಿಗೆ ಜಾಗ ಬಿಟ್ಟುಕೊಂಡರೆ ಮುಂದೆ ಯುಜಿಡಿ ಬಂದಾಗ ಅಂಗಳ ಒಡೆಯುವುದು ಉಳಿಯುತ್ತದೆ. ಯುಜಿಡಿ ಬಂದ ಮೇಲೆ ಶೌಚದ ಪೈಪನ್ನು ಟ್ಯಾಂಕ್ ತಪ್ಪಿಸಿ ನೇರ ಚೇಂಬರಿಗೆ ಜೋಡಿಸಿ, ಟ್ಯಾಂಕನ್ನು ಖಾಲಿ ಮಾಡಿಸಿ ಮಣ್ಣು ಮರಳು ತುಂಬಿ ಮುಚ್ಚಿ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಸೆಪ್ಟಿಕ್ ಟ್ಯಾಂಕಿಗೆ, ಮ್ಯಾನ್‌ಹೋಲಿಗೆ, ಯಾವ ಕಾರಣಕ್ಕೂ ಮನುಷ್ಯರನ್ನು ಇಳಿಸಬೇಡಿ. ಒಬ್ಬರು ಇಳಿದು ಒಳಗೆ ಕುಸಿದು, ಅವರನ್ನು ಎತ್ತಲು ಹೋದ ಇನ್ನೊಬ್ಬರೂ ಸತ್ತ ಸುದ್ದಿಗಳು ಬರುತ್ತಲೇ ಇವೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ, ರಕ್ಷಣಾ ಸಾಧನ ಕೊಡದೆ ಹೀಗೆ ಇಳಿಸುವುದು ಜೈಲು ಶಿಕ್ಷೆಯ ಅಪರಾಧ, ಕರೆದುಕೊಂಡು ಬಂದ ಮನೆ ಮಾಲೀಕರೂ ಅದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಪರಿಹಾರದಿಂದ ಆ ಮನೆಗೆ ಹೋದ ಜೀವ ವಾಪಸ್ ಬರುತ್ತದಾ? ಚೇಂಬರಿನಲ್ಲಿ ಕಸ ಸಿಕ್ಕಿ ನೀರು ಕಟ್ಟಿಕೊಂಡರೆ ಪಾಲಿಕೆಯ ಜೆಟ್ಟಿಂಗ್ ಗಾಡಿಗೆ (ಜೋರಾಗಿ ನೀರು ಚಿಮ್ಮಿಸಿ ಪೈಪ್ ಬಿಡಿಸುವ ಗಾಡಿ) ಹೇಳಿ, ಒಂದು ದಿನ ಕಾಯಬೇಕಾದರೂ ಕಾಯಿರಿ.

ಹೊಸ ಲೇಔಟಿನಲ್ಲಿ ಸೈಟು ತಗೊಂಡಿದ್ದೇವೆ, ಪಾಲಿಕೆಯವರು ನಮಗೆ ಬರಲ್ಲ ಅಂತಾರೆ.

ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಕೊಟ್ಟ ಖಾಸಗಿ ಬಡಾವಣೆಯಲ್ಲಿ ರಸ್ತೆ, ನೀರು, ಯುಜಿಡಿ ಎಲ್ಲ ಮಾಡಿಕೊಡಬೇಕಾದವರು ಬಡಾವಣೆ ಮಾಡಿದವರು. ಕೆಲಸ ಮುಗಿದು ಪಾಲಿಕೆಗೆ ಹಸ್ತಾಂತರ ಆಗುವ ತನಕ ನಿರ್ವಹಣೆಯೂ ಅವರದ್ದೇ. ಹಸ್ತಾಂತರ ಆಗಿದೆಯಾ ಅಂತ ದೂಡಾದಲ್ಲಿ, ಪಾಲಿಕೆಯಲ್ಲಿ ಎರಡೂ ಕಡೆ ವಿಚಾರಿಸಿ. ಆಗಿಲ್ಲದಿದ್ದರೆ ಸೈಟಿನವರೆಲ್ಲ ಸೇರಿ ಒಂದೇ ಅರ್ಜಿ ಕೊಡಿ, ಒಬ್ಬೊಬ್ಬರೇ ಹೋದರೆ ಕೆಲಸ ಸಾಗುವುದಿಲ್ಲ.

ಬಡಾವಣೆಯ ಯುಜಿಡಿ ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವುದನ್ನೂ ಕೇಳಿ. ಬೀದಿಬೀದಿಗೆ ಮ್ಯಾನ್‌ಹೋಲ್ ಇರುತ್ತದೆ, ಆದರೆ ಕೊನೆಗೆ ನಗರದ ಲೈನಿಗೆ ಸೇರಿಸಿರುವುದಿಲ್ಲ, ಪಕ್ಕದ ಹಳ್ಳಕ್ಕೋ ಹೊಲಕ್ಕೋ ಬಿಟ್ಟಿರುತ್ತಾರೆ.

ನಮ್ಮ ಮನೆ ಪಂಚಾಯ್ತಿ ವ್ಯಾಪ್ತಿಗೆ ಬರುತ್ತೆ.

ಹಾಗಿದ್ದರೆ ಗ್ರಾಮ ಪಂಚಾಯ್ತಿಗೆ ಅರ್ಜಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ನಮ್ಮಲ್ಲಿ ಮನೆ ಮನೆಗೆ ಗಂಗೆ ಅನ್ನುವುದು, ಅದರಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಗುರಿ. ನಗರದ ಲೆಕ್ಕಕ್ಕಿಂತ ಕಡಿಮೆ. ಸಂಪು ಕಟ್ಟುವಾಗ ಇದು ನೆನಪಿರಲಿ.

ಹಳೆ ಮನೆ ಕೊಂಡಿದ್ದೇವೆ. ಹಿಂದಿನವರ ನೀರಿನ ಬಾಕಿ ನಾವು ಕಟ್ಟಬೇಕಾ?

ಬಾಕಿ ಆ ಕನೆಕ್ಷನ್ ಮೇಲೆ ಇರುತ್ತದೆ, ಅದನ್ನು ತೀರಿಸದೆ ಹೆಸರು ಬದಲಾಗುವುದಿಲ್ಲ. ನೋಂದಣಿಗೆ ಮೊದಲೇ ಕೊನೆಯ ನೀರಿನ ಬಿಲ್ ಕೇಳಿ, ಬಾಕಿ ಎಷ್ಟಿದೆ ಅಂತ ಪಾಲಿಕೆಯಲ್ಲಿ ತೆಗೆಸಿ, ಮಾರುವವರಿಂದ ಕಟ್ಟಿಸಿ ಅಥವಾ ಬೆಲೆಯಲ್ಲಿ ಮುರಿದುಕೊಳ್ಳಿ. ನೋಂದಣಿ ಆದ ಮೇಲೆ ಅವರು ಫೋನ್ ಎತ್ತುವುದಿಲ್ಲ. ಯುಜಿಡಿಗೆ ಅನುಮತಿ ಪತ್ರ ಇದೆಯಾ ಅಂತಲೂ ಕೇಳಿ, ಹಳೆ ಮನೆಗಳಲ್ಲಿ ಎಷ್ಟೋ ಕನೆಕ್ಷನ್ ದಾಖಲೆಯಲ್ಲೇ ಇರುವುದಿಲ್ಲ.

ಬಾಡಿಗೆಯವರು ಅರ್ಜಿ ಹಾಕಬಹುದಾ?

ಮಾಲೀಕರ ಹೆಸರಲ್ಲೇ ಆಗಬೇಕು. ಬಾಡಿಗೆಯವರು ಅವರ ಒಪ್ಪಿಗೆ ಪತ್ರ ಹಿಡಿದು ಓಡಾಡಬಹುದು, ಅಷ್ಟೇ.

ಅರ್ಜಿ ಕೊಟ್ಟು ತುಂಬ ದಿನ ಆಯ್ತು. ಯಾರನ್ನು ಕೇಳೋದು?

ಹೊಸ ನಲ್ಲಿ, ಯುಜಿಡಿ ಸಂಪರ್ಕ ಎರಡೂ ಸಕಾಲ ಸೇವೆಯಲ್ಲಿವೆ, ಅಂದರೆ ಗೊತ್ತುಪಡಿಸಿದ ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ ರಾಜ್ಯದ ಕಾನೂನಿನಲ್ಲಿ. ಅರ್ಜಿ ಕೊಟ್ಟಾಗ 15 ಅಂಕಿಯ ಸಕಾಲ ಸಂಖ್ಯೆ ಕೊಡಬೇಕು, ಕೊಡದಿದ್ದರೆ ಕೇಳಿ ಪಡೆಯಿರಿ. ಸ್ವೀಕೃತಿಯಲ್ಲೇ ಎಷ್ಟು ದಿನದೊಳಗೆ ಆಗಬೇಕು ಅಂತ ಬರೆದಿರುತ್ತದೆ. ಆ ದಿನ ದಾಟಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರಕ್ಕೂ ಅವಕಾಶ ಇದೆ. ಮೊತ್ತ ಚಿಕ್ಕದು, ಆದರೆ ಅದು ತಡ ಮಾಡಿದ ನೌಕರರ ಮೇಲೆ ಬೀಳುವುದರಿಂದ ಫೈಲಿಗೆ ಕಾಲು ಬರುತ್ತದೆ.

ಸಂಖ್ಯೆ ಇಲ್ಲದೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟು ಬಂದರೆ ಇದ್ಯಾವುದೂ ನಡೆಯುವುದಿಲ್ಲ. ಆಗ ಉಳಿಯುವುದು ಮಾಹಿತಿ ಹಕ್ಕು: 10 ರೂಪಾಯಿ ಶುಲ್ಕ ಇಟ್ಟು, ನನ್ನ ಅರ್ಜಿ ಯಾವ ದಿನ ಯಾರ ಮೇಜಿಗೆ ಹೋಯಿತು ಅಂತ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು.

ಕಮಿಷನ್ ತೆಗೆದುಕೊಂಡು ಬೇಗ ಮಾಡಿಸಿಕೊಡುತ್ತೇನೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಹಾಗೆ ಬಂದ ನಲ್ಲಿಯಲ್ಲಿ ನೀರು ಬರುತ್ತದೆ, ಪಾಲಿಕೆಯ ಪುಸ್ತಕದಲ್ಲಿ ಮಾತ್ರ ನಿಮ್ಮ ಹೆಸರೇ ಇರುವುದಿಲ್ಲ, ಅಕ್ರಮ ಸಂಪರ್ಕ ಹುಡುಕಲು ಬಂದಾಗ ದಂಡ ಕಟ್ಟುವವರು ನೀವು.

ಚಿತ್ರದುರ್ಗದಲ್ಲೂ ಇದೇ ಕ್ರಮನಾ?

ಹೆಚ್ಚು ಕಡಿಮೆ ಇದೇ, ಸ್ಥಳೀಯ ಸಂಸ್ಥೆ ಬೇರೆ, ದರ ಬೇರೆ. ಅಲ್ಲಿಗೆ ನೀರು ಬರುವುದು ಸೂಳೆಕೆರೆ ಅಂದರೆ ಶಾಂತಿಸಾಗರದಿಂದ ಮತ್ತು ವಾಣಿವಿಲಾಸ ಸಾಗರದಿಂದ. ಕೋಟೆಯ ಕೆಳಗಿನ ಹಳೆ ಬೀದಿಗಳಲ್ಲಿ ಅಡಿ ಅಗೆದರೆ ಬಂಡೆ ಸಿಗುತ್ತದೆ. ಅಲ್ಲಿ ಯುಜಿಡಿಗೆ ಆಳ ತೆಗೆಯುವ ಕೂಲಿ ಜಾಸ್ತಿ. ಎಸ್ಟಿಮೇಟ್ ಮಾಡಿಸುವಾಗ ಪ್ಲಂಬರನ್ನು ಜಾಗಕ್ಕೇ ಕರೆದುಕೊಂಡು ಹೋಗಿ ತೋರಿಸಿ.

ಕನೆಕ್ಷನ್ ಬಂತು, ಮೊದಲ ಬಿಲ್ ಬರಲೇ ಇಲ್ಲ. ಸುಮ್ಮನಿರಬಹುದಾ?

ಸುಮ್ಮನಿರಬೇಡಿ. ಬಿಲ್ ಬಂದಿಲ್ಲ ಅಂದರೆ ನಿಮ್ಮ ಕನೆಕ್ಷನ್ ಲೆಕ್ಕಕ್ಕೆ ಏರಿಲ್ಲದೆಯೂ ಇರಬಹುದು. ಮಂಜೂರಾತಿ ಪತ್ರ, ರಸೀದಿ, ಮೀಟರ್ ನಂಬರ್ ಹಿಡಿದು ಹೋಗಿ ನಿಮ್ಮ ಕನೆಕ್ಷನ್ ಸಂಖ್ಯೆ ಬರೆಸಿಕೊಳ್ಳಿ, ನೀರಿನ ಬಿಲ್ಲಿನಲ್ಲಿ ಯುಜಿಡಿ ಶುಲ್ಕವೂ ಸೇರಿ ಬರುತ್ತಿದೆಯಾ ಅಂತ ಅಲ್ಲೇ ನೋಡಿ. ಮೀಟರ್ ಕೂರಿಸಿದ ದಿನದ ರೀಡಿಂಗ್ ಫೋಟೋ ನಿಮ್ಮ ಹತ್ತಿರ ಇದ್ದರೆ ಮೊದಲ ಬಿಲ್ಲಿನಲ್ಲಿ ಅಂಕಿ ತಪ್ಪಾಗಿದ್ದರೂ ತೋರಿಸಿ ಸರಿ ಮಾಡಿಸಬಹುದು.